ನಕಾಶೆ ಕಂಡ ದಾರಿ: ಸಾರಿಗೆ ನಕ್ಷೆಯ ಮಾಹಿತಿ ಮತ್ತು ಭದ್ರತೆಯ ಪ್ರಶ್ನೆ

ಸಾರಿಗೆ ನಕ್ಷೆಯ ಮಾಹಿತಿ ಎಂದರೆ ರಸ್ತೆ, ಸೇತುವೆ, ರೈಲು ಹಳಿ, ಬಸ್ ನಿಲುಗಡೆ, ಬಸ್ಸು ಹಿಡಿಯುವ ದಾರಿ, ಅದು ಬರುವ ಹೊತ್ತು ಇವೆಲ್ಲವನ್ನೂ ನೆಲದ ಮೇಲಿನ ಖಚಿತ ಜಾಗದೊಂದಿಗೆ ಬರೆದಿಟ್ಟ ದಾಖಲೆ. ಇದರಲ್ಲಿ ಎಷ್ಟು ಎಲ್ಲರ ಕೈಗೆ ಸಿಗಬೇಕು, ಎಷ್ಟನ್ನು ದೇಶದ ರಕ್ಷಣೆಗಾಗಿ ಮುಚ್ಚಿಡಬೇಕು ಎಂಬ ವಾದ ಭಾರತದಲ್ಲಿ ಹಳೆಯದು. ದೆಹಲಿಯಲ್ಲಿ ಕೂತು ನೋಡಿದರೆ ಅದು ನೀತಿಯ ವಿಷಯ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದು ಕಬ್ಬು ಸಾಗುವ, ಹೊಳೆ ದಾಟುವ, ಹೊಲ ಉಳಿಯುತ್ತದೋ ಹೋಗುತ್ತದೋ ಎಂದು ಕಾಯುವ ವಿಷಯ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಈ ನಾಲ್ಕು ತಾಲ್ಲೂಕುಗಳನ್ನು ಹೆಣೆದಿವೆ. ಜಮಖಂಡಿ, ಮುಧೋಳಗಳದು ಕಬ್ಬು ಮತ್ತು ಸಕ್ಕರೆಯ ಬದುಕು, ರಬಕವಿ–ಬನಹಟ್ಟಿಯದು ಮಗ್ಗದ ಬದುಕು. ಬೀಳಗಿ ತಾಲ್ಲೂಕಿನ ಅಂಚನ್ನು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಮುಟ್ಟಿದೆ. ನೂಲು ಬರುವುದು, ಸೀರೆ ಹೋಗುವುದು, ಕಬ್ಬಿನ ಟ್ರ್ಯಾಕ್ಟರು ಕಾರ್ಖಾನೆ ಸೇರುವುದು ಎಲ್ಲವೂ ರಸ್ತೆಯ ಮೇಲೆಯೇ.

ಈ ಭಾಗದ ರೈತರಿಗೆ ನಕ್ಷೆ ಹೊಸದಲ್ಲ. ಉತಾರ (ಪಹಣಿ), ಹಿಸ್ಸಾ (ಪಾಲು), ಮೋಜಣಿ (ಅಳತೆ) ಎಂಬ ಮಾತುಗಳ ನಡುವೆಯೇ ಬೆಳೆದವರು ಅವರು. ಗ್ರಾಮ ನಕಾಶೆಯಲ್ಲಿ ಗೆರೆಯಾಗಿ ಮೂಡಿರುವ ಗಾಡಿದಾರಿಗೆ ಕಂದಾಯದ ಭಾಷೆಯಲ್ಲಿ ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ಪಕ್ಕದ ಹೊಲದವರು ಅದಕ್ಕೆ ಅಡ್ಡ ಬದು ಹಾಕಿದರೆ, ಉತ್ತು ಬಿತ್ತಿಬಿಟ್ಟರೆ, ತಹಶೀಲ್ದಾರರ ಮುಂದೆ ನಿಂತು ಹೇಳಲು ಒಂದೇ ಮಾತು ಸಾಕು: ದಾರಿ ನಕಾಶೆಯಲ್ಲಿ ಐತಿ. ಕಟಾವಿನ ಕಾಲದಲ್ಲಿ ಎರಡು ಟ್ರೇಲರು ಎಳೆಯುವ ಟ್ರ್ಯಾಕ್ಟರು ಹೊಲದ ಬದುವಿಗೆ ಬರದಿದ್ದರೆ ಕಬ್ಬು ನಿಂತಲ್ಲೇ ಒಣಗುತ್ತದೆ, ತೂಕ ಇಳಿಯುತ್ತದೆ. ಆ ತೆಳ್ಳನೆಯ ಗೆರೆಗೆ ಅಂಥ ಬೆಲೆ ಇದೆ. ನಕ್ಷೆಯನ್ನು ನೋಡುವ ಹಕ್ಕು ದಾರಿಯಲ್ಲಿ ನಡೆಯುವ ಹಕ್ಕಿನ ಅರ್ಧ ಭಾಗ ಎಂಬುದನ್ನು ಇಲ್ಲಿ ಯಾರೂ ಕಲಿಸಿಕೊಡಬೇಕಿಲ್ಲ.

ಮುಚ್ಚಿಡುವ ಅಭ್ಯಾಸ

ಭಾರತದ ಆಧುನಿಕ ನಕ್ಷೆಗಳು ಹುಟ್ಟಿದ್ದು ದಂಡಿನ ಜೊತೆ. ಸರ್ವೆ ಆಫ್ ಇಂಡಿಯಾ 1767ರಲ್ಲಿ ಶುರುವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬ್ರಿಟಿಷರು ಕಾಲಿನ್ ಮೆಕೆಂಝಿಯನ್ನು ನೇಮಿಸಿದರು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ತ್ರಿಕೋನ ಮಾಪನ ಆರಂಭಿಸಿದ. ಗೆದ್ದ ನೆಲವನ್ನು ಹಿಡಿದಿಡಲು, ದಂಡು ಸಾಗಿಸಲು, ಕಂದಾಯ ವಸೂಲು ಮಾಡಲು ತಯಾರಾದ ನಕ್ಷೆಗಳು ಆಳುವವರ ಪೆಟ್ಟಿಗೆಯಲ್ಲೇ ಉಳಿದದ್ದು ಸಹಜ. 1923ರ ಅಧಿಕೃತ ರಹಸ್ಯ ಕಾಯ್ದೆ ನಿಷೇಧಿತ ಸ್ಥಳಗಳ ನಕ್ಷೆ, ರೇಖಾಚಿತ್ರಗಳನ್ನು ಶತ್ರುವಿಗೆ ನೆರವಾಗುವಂತೆ ಮಾಡುವುದನ್ನೂ ಹಂಚುವುದನ್ನೂ ಅಪರಾಧವೆಂದಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯ್ದೆ ಹೋಗಲಿಲ್ಲ.

ಸ್ವಾತಂತ್ರ್ಯಕ್ಕೆ ಮುಂಚೆ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಇನ್ನೂ ಸೋಜಿಗವೆಂದರೆ, ಈಗ ಒಂದೇ ನಗರಸಭೆಯಾಗಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ರಬಕವಿ ಸಾಂಗ್ಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಇಲ್ಲಿಯ ಹಳೆಯ ರಸ್ತೆಗಳು ಒಂದು ಊರಿನ ಅಂಚಿಗೆ ಬಂದು ಸೊರಗುವುದನ್ನು ಕಂಡರೆ ಆ ಸಂಸ್ಥಾನಗಳ ಗಡಿ ನೆನಪಾಗದೆ ಇರದು.

ಸರ್ವೆ ಆಫ್ ಇಂಡಿಯಾದ ಭೂಲಕ್ಷಣ ಹಾಳೆಗಳಲ್ಲಿ ಮಾತ್ರ ಈ ನಾಲ್ಕೂ ಊರುಗಳು ಮೊದಲಿನಿಂದಲೂ ಒಟ್ಟಿಗಿದ್ದವು. 16ರಿಂದ 17 ಡಿಗ್ರಿ ಅಕ್ಷಾಂಶ, 75ರಿಂದ 76 ಡಿಗ್ರಿ ರೇಖಾಂಶದ ಚೌಕಕ್ಕೆ ಹಳೆಯ ಲೆಕ್ಕದಲ್ಲಿ 47ಪಿ ಎಂದು ಹೆಸರು. ಅದನ್ನು ಹದಿನಾರು ಭಾಗ ಮಾಡಿದ 1:50,000 ಅಳತೆಯ ಹಾಳೆಗಳಲ್ಲಿ ರಬಕವಿ 3ನೆಯದರಲ್ಲಿ, ಮುಧೋಳ 7ನೆಯದರಲ್ಲಿ, ಬೀಳಗಿ 11ನೆಯದರಲ್ಲಿ ಬರುತ್ತವೆ. ಜಮಖಂಡಿ 16 ಡಿಗ್ರಿ 30 ಮಿನಿಟಿನ ಗೆರೆಗೆ ತಾಗಿಕೊಂಡೇ ಇರುವುದರಿಂದ ಆ ಊರಿನ ಸುತ್ತಮುತ್ತಲನ್ನು ನೋಡಬೇಕಾದರೆ ಎರಡು ಹಾಳೆ ಜೋಡಿಸಬೇಕು. ಹಾಳೆ ಬಿಚ್ಚಿದರೆ ಡಾಂಬರು ರಸ್ತೆ ಕೆಂಪು, ಬಾವಿ ನೀಲಿ ಚುಕ್ಕೆ, ನೆಲದ ಏರಿಳಿತ ಕಂದು ಸುರುಳಿ ಗೆರೆ. ಗಾಡಿದಾರಿ, ಕಾಲುದಾರಿಗೆ ತುಂಡು ತುಂಡು ಗೆರೆ. ಗುಡಿ, ಮಸೀದಿ, ಅಂಚೆಮನೆ, ಪೊಲೀಸ್ ಠಾಣೆ ಎಲ್ಲಕ್ಕೂ ಒಂದೊಂದು ಗುರುತು. ಅಷ್ಟು ಪ್ರೀತಿಯಿಂದ ಒಂದು ಸೀಮೆಯನ್ನು ಬರೆದಿಟ್ಟ ಕಾಗದ ಬೇರೆ ಇಲ್ಲ.

ಗಡಿಯಿಂದ, ಕರಾವಳಿಯಿಂದ ಸುಮಾರು 80 ಕಿ.ಮೀ. ಒಳಗಿನ ಹಾಳೆಗಳನ್ನು ರಕ್ಷಣಾ ಇಲಾಖೆ ದಶಕಗಳ ಕಾಲ ನಿರ್ಬಂಧಿಸಿತ್ತು. ಕಾರವಾರದಂಥ ಕಡೆ ಅದಕ್ಕೆ ಅರ್ಥವಿದೆ. ಅಲ್ಲಿ ಕದಂಬ ನೌಕಾನೆಲೆ ಇದೆ, ಒಳನಾಡಿಗೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ. ಜಮಖಂಡಿ ಸೀಮೆ ಆ ಪಟ್ಟಿಯಿಂದ ಎಷ್ಟೋ ಆಚೆ ಇದೆ. ಆದರೂ ‘ನಕ್ಷೆ ಎಂದರೆ ಸರಕಾರದ ಗುಟ್ಟು’ ಎಂಬ ಭಾವನೆ ಗಡಿಯಿಂದ ಒಳನಾಡಿನ ಕಚೇರಿಗಳ ತನಕ ಹರಡಿತು. ಕಾಯ್ದೆಯಲ್ಲಿ ಇಲ್ಲದ ಗುಟ್ಟು ಅಭ್ಯಾಸದಲ್ಲಿ ಉಳಿಯಿತು. ಈ ಸೀಮೆಯ ಮಟ್ಟಿಗೆ ಸಮಸ್ಯೆಯ ಬೇರು ಅದೇ.

ಬಾಗಿಲು ತೆರೆದ ಬಗೆ

2005ರ ಮೇ ತಿಂಗಳಲ್ಲಿ ರಾಷ್ಟ್ರೀಯ ನಕ್ಷೆ ನೀತಿ ಬಂತು. ಸೇನೆಗೆ ಒಂದು ಸರಣಿ, ಜನರಿಗೆ ಇನ್ನೊಂದು ಎಂದು ಹಾಳೆಗಳನ್ನು ಎರಡಾಗಿ ವಿಂಗಡಿಸಿದರು. ಜನರ ಸರಣಿಯಲ್ಲಿ ಆಯಕಟ್ಟಿನ ಜಾಗಗಳನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. 2017ರಲ್ಲಿ ‘ನಕ್ಷೆ’ ಎಂಬ ಜಾಲತಾಣದ ಮೂಲಕ ಆ ಹಾಳೆಗಳನ್ನು ಆಧಾರ್ ಸಂಖ್ಯೆ ಕೊಟ್ಟ ನಾಗರಿಕರಿಗೆ ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟರು.

ನಡುವೆ ಜಗ್ಗಾಟ ನಡೆದೇ ಇತ್ತು. 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಗೂಗಲ್ ಅರ್ಥ್‌ನ ಉಪಗ್ರಹ ಚಿತ್ರಗಳ ಬಗ್ಗೆ ಬಹಿರಂಗವಾಗಿ ಆತಂಕ ಹೇಳಿಕೊಂಡರು. 2008ರ ಮುಂಬಯಿ ದಾಳಿಯ ನಂತರ ಆ ಆತಂಕ ಹೆಚ್ಚಿತು. ಗೂಗಲ್ ಕಂಪನಿ 2011ರ ಮೇನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕ್ಯಾಮೆರಾ ಹೊತ್ತ ವಾಹನ ಓಡಿಸಿತು. ಕೆಲವೇ ವಾರಗಳಲ್ಲಿ ನಗರ ಪೊಲೀಸರು ಅದನ್ನು ನಿಲ್ಲಿಸಿದರು. ಬೀದಿಯ ಚಿತ್ರಗಳು ಅಧಿಕೃತವಾಗಿ ಬಂದದ್ದು 2022ರ ಜುಲೈನಲ್ಲಿ, ಅದೂ ಭಾರತೀಯ ಕಂಪನಿಗಳ ಕೈಯಿಂದ ಚಿತ್ರ ತೆಗೆಸಿ. 2013ರಲ್ಲಿ ಅದೇ ಗೂಗಲ್ ನಡೆಸಿದ ‘ಮ್ಯಾಪಥಾನ್’ ಸ್ಪರ್ಧೆಯಲ್ಲಿ ಜನ ತಮ್ಮ ಊರಿನ ಜಾಗಗಳನ್ನು ನಕ್ಷೆಗೆ ಸೇರಿಸಿದಾಗ ಸರ್ವೆ ಆಫ್ ಇಂಡಿಯಾ ಪೊಲೀಸರಿಗೆ ದೂರು ಕೊಟ್ಟಿತು, ವಿಷಯ ಸಿಬಿಐ ತನಕ ಹೋಯಿತು.

2016ರ ಮೇನಲ್ಲಿ ಬಂದ ಭೂಪ್ರಾದೇಶಿಕ ಮಾಹಿತಿ ನಿಯಂತ್ರಣ ಮಸೂದೆಯ ಕರಡು ಎಲ್ಲಕ್ಕಿಂತ ಕಠಿಣ. ಅನುಮತಿ ಇಲ್ಲದೆ ಭೂಪ್ರಾದೇಶಿಕ ಮಾಹಿತಿ ಸಂಗ್ರಹಿಸಿದರೆ, ಹಂಚಿದರೆ 100 ಕೋಟಿ ರೂಪಾಯಿ ತನಕ ದಂಡ, ಏಳು ವರ್ಷದ ತನಕ ಸೆರೆ. ಅದು ಕಾಯ್ದೆಯಾಗಿದ್ದರೆ ಹಳ್ಳಿಯ ಬಸ್ ನಿಲುಗಡೆಯನ್ನು ಮೊಬೈಲಿನಲ್ಲಿ ಗುರುತು ಹಾಕಿ ಗೆಳೆಯರಿಗೆ ಕಳಿಸುವ ಕಾಲೇಜು ಹುಡುಗನೂ ಅದರ ಬಲೆಗೆ ಬೀಳುವ ಭಯವಿತ್ತು. ದೇಶದಾದ್ಯಂತ ವಿರೋಧ ಬಂತು. ಮಸೂದೆ ಕರಡಿನಲ್ಲೇ ನಿಂತಿತು.

ಐದು ವರ್ಷದೊಳಗೆ ಗಾಳಿ ತಿರುಗಿತು. 2021ರ ಫೆಬ್ರುವರಿ 15ರಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿ ಭಾರತೀಯರಿಗೆ ನಕ್ಷೆ ಮಾಡಲು, ಹಂಚಲು ಮುಂಚಿತ ಅನುಮತಿ ಬೇಡ ಎಂದಿತು. ಅಡ್ಡಡ್ಡಲಾಗಿ 1 ಮೀಟರ್, ಎತ್ತರದಲ್ಲಿ 3 ಮೀಟರ್ ನಿಖರತೆಯನ್ನು ಎಲ್ಲೆಯಾಗಿ ಇಟ್ಟಿತು. ಅದಕ್ಕಿಂತ ಸೂಕ್ಷ್ಮವಾದ ಮಾಹಿತಿಯನ್ನು ಭಾರತೀಯ ಸಂಸ್ಥೆಗಳು ಮಾತ್ರ ಹೊಂದಬಹುದು, ಅದನ್ನು ದೇಶದೊಳಗೇ ಇಡಬೇಕು. ಈ ಮಾರ್ಗಸೂಚಿಯ ಒಂದು ತತ್ವವನ್ನು ಗಮನವಿಟ್ಟು ಓದಬೇಕು: ಗುಟ್ಟಾಗಿರುವುದು ಜಾಗವಲ್ಲ, ಜಾಗಕ್ಕೆ ಹಚ್ಚುವ ಚೀಟಿ. ಒಂದು ಕಟ್ಟಡ ನಕ್ಷೆಯಲ್ಲಿ ಇರಲಿ, ಅದು ಮದ್ದುಗುಂಡಿನ ಕೋಠಿ ಎಂದು ಬರೆಯುವುದು ಬೇಡ. ಉಪಗ್ರಹದ ಕಣ್ಣಿಗೆ ಎಲ್ಲವೂ ಕಾಣುವ ಕಾಲದಲ್ಲಿ ಇದಕ್ಕಿಂತ ತಿಳಿವಳಿಕೆಯ ಗೆರೆ ಎಳೆಯುವುದು ಕಷ್ಟ. 2022ರ ಡಿಸೆಂಬರಿನಲ್ಲಿ ಬಂದ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಇದನ್ನೇ ಮುಂದುವರಿಸಿತು.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಇದೇ ವಿವೇಕವಿದೆ. 8ನೇ ಕಲಮು ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಯನ್ನು ತಡೆಹಿಡಿಯಲು ಬಿಡುತ್ತದೆ. 10ನೇ ಕಲಮು ತಡೆಹಿಡಿಯಬೇಕಾದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು ದಾರಿ ಮಾಡುತ್ತದೆ. ಕಚೇರಿಗಳಲ್ಲಿ 8 ಬೇಗ ನೆನಪಾಗುತ್ತದೆ, 10 ಮರೆತುಹೋಗುತ್ತದೆ.

ಅಪಾಯ ಎಲ್ಲಿದೆ

ಭದ್ರತೆಯ ಕಾಳಜಿಯನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. 2018ರಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ್ದ ಓಟದ ದಾರಿಗಳ ನಕ್ಷೆಯಲ್ಲಿ ಮರುಭೂಮಿಯ ನಡುವಿನ ಸೇನಾ ನೆಲೆಗಳ ಆಕಾರವೇ ಬೆಳಗಿ ಕಂಡಿತು. ಬಿಡಿಬಿಡಿಯಾಗಿ ನಿರಪಾಯವಾದ ಮಾಹಿತಿಗಳು ಒಟ್ಟುಗೂಡಿದಾಗ ಗುಟ್ಟು ಬಿಟ್ಟುಕೊಡಬಲ್ಲವು ಎಂಬುದಕ್ಕೆ ಅದು ಸಾಕ್ಷಿ. ಇನ್ನೊಂದು ಕಡೆ, 2001ರ ದಾಳಿಯ ನಂತರ ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆ ಕೇಂದ್ರ ಸರಕಾರದ 629 ನಕ್ಷೆ ಸಂಗ್ರಹಗಳನ್ನು ಜಾಲಾಡಿತು. ದಾಳಿಕೋರರಿಗೆ ಉಪಯೋಗವಾಗಬಹುದಾದವು ನೂರಕ್ಕೆ ಆರಕ್ಕಿಂತ ಕಡಿಮೆ. ಅವರಿಗೆ ಅನಿವಾರ್ಯವೆನ್ನುವಂಥದ್ದು ಒಂದೂ ಸಿಗಲಿಲ್ಲ. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಕಾಯಬೇಕಾದ್ದು ಏನು? ಆಲಮಟ್ಟಿ ಅಣೆಕಟ್ಟಿನ ಗೇಟುಗಳ ಒಳರಚನೆ ಮತ್ತು ನಿಯಂತ್ರಣ ವ್ಯವಸ್ಥೆ ಖಂಡಿತ ಕಾಯಬೇಕಾದ್ದು. ವಿದ್ಯುತ್ ಉಪಕೇಂದ್ರಗಳ ಒಳವಿವರವೂ ಹೌದು. ಅವೆಲ್ಲಕ್ಕಿಂತ ಹೆಚ್ಚು ಜೋಪಾನ ಮಾಡಬೇಕಾದ್ದು ಪ್ರಯಾಣಿಕರ ಓಡಾಟದ ದಾಖಲೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು ಲಕ್ಷಾಂತರ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ತಂದಿತು. ಯಾರು ಯಾವ ಹೊತ್ತಿಗೆ ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆ ಎಂಬುದು ಮೂರನೆಯವರಿಗೆ ಎಂದೂ ಸಿಗಬಾರದು. ಬಸ್ಸಿನ ವೇಳೆ ಊರಿಗೆಲ್ಲ ಗೊತ್ತಿರಲಿ, ಬಸ್ಸಿನಲ್ಲಿ ಕೂತ ಹುಡುಗಿಯ ವೇಳೆ ಯಾರಿಗೂ ಗೊತ್ತಾಗದಿರಲಿ.

ಹೊಳೆ ಮತ್ತು ಸೇತುವೆ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಏಕಕಾಲಕ್ಕೆ ಉಕ್ಕಿದವು. ಮಹಾರಾಷ್ಟ್ರದ ಕೊಯ್ನಾ ಕಡೆಯ ನೀರು ಕೃಷ್ಣೆಯಲ್ಲಿ, ಹಿಡಕಲ್ ಜಲಾಶಯದ ನೀರು ಘಟಪ್ರಭೆಯಲ್ಲಿ. ಜಮಖಂಡಿ, ಮುಧೋಳ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಮುಳುಗಿದವು. ತಗ್ಗಿನ ಸೇತುವೆಗಳು ಒಂದೊಂದಾಗಿ ನೀರೊಳಗೆ ಹೋದವು. ಬಾಣಂತಿಯನ್ನು ದವಾಖಾನೆಗೆ ಒಯ್ಯುವವರಿಗೆ, ದನ ಹೊಡೆದುಕೊಂಡು ಎತ್ತರಕ್ಕೆ ಹೊರಟವರಿಗೆ ಬೇಕಾಗಿದ್ದ ಮಾಹಿತಿ ಒಂದೇ: ಯಾವ ದಾರಿ ಇನ್ನೂ ತೆರೆದಿದೆ? ಅದು ಅವರಿಗೆ ಸಿಕ್ಕಿದ್ದು ವಾಟ್ಸ್‌ಆ್ಯಪ್‌ನಲ್ಲಿ, ಎದುರು ಬಂದವರ ಬಾಯಲ್ಲಿ.

ಇದಕ್ಕೆ ಬೇಕಾದ ಲೆಕ್ಕ ದೊಡ್ಡದಲ್ಲ. ಪ್ರತಿ ಸೇತುವೆಯ ಮೇಲ್ಮೈ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದು ಕಟ್ಟಿದವರ ಕಡತದಲ್ಲಿ ಇರುತ್ತದೆ. ನದಿಯ ಮಟ್ಟವನ್ನು ಕೇಂದ್ರ ಜಲ ಆಯೋಗ ಮಳೆಗಾಲದಲ್ಲಿ ಪ್ರಕಟಿಸುತ್ತಲೇ ಇರುತ್ತದೆ. ಸಿಂಧು, ಗಂಗಾ, ಬ್ರಹ್ಮಪುತ್ರಗಳಂಥ ಅಂತರರಾಷ್ಟ್ರೀಯ ನದಿಗಳ ಜಲಮಾಹಿತಿ ಗೋಪ್ಯದ ಪಟ್ಟಿಯಲ್ಲಿದೆ, ಕೃಷ್ಣೆಯದು ಇಲ್ಲ. ನದಿಯ ಮಟ್ಟವನ್ನು ಆಯಾ ಸೇತುವೆಯ ಜಾಗಕ್ಕೆ ಹೊಂದಿಸಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಸೇತುವೆ ಮೊದಲು ಮುಳುಗುತ್ತದೆ, ಬಸ್ಸು ಎಲ್ಲಿಂದ ತಿರುಗಬೇಕು ಎಂಬುದು ಕೆಲವು ಗಂಟೆ ಮುಂಚೆಯೇ ತಿಳಿಯಬಹುದು. ಇಲ್ಲಿ ಮೂರು ಮೀಟರಿನ ನಿಖರತೆ ಸಾಲದು, ಒಂದು ಗೇಣಿನ ಲೆಕ್ಕ ಬೇಕು. 2021ರ ಮಾರ್ಗಸೂಚಿ ಅಂಥ ಸೂಕ್ಷ್ಮ ಅಳತೆ ಮಾಡಲು ಭಾರತೀಯ ಸಂಸ್ಥೆಗಳಿಗೆ ಅವಕಾಶ ಕೊಟ್ಟಿದೆ. 1963ರಿಂದ ಸಿವಿಲ್ ಎಂಜಿನಿಯರರನ್ನು ತಯಾರು ಮಾಡುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲೇ ಇದೆ. ನದಿಯ ಮೇಲೆ ಸರಕಾರಕ್ಕೆ ಕಾಯದೆ ತಾವೇ ಕೂಡಿ ಚಿಕ್ಕಪಡಸಲಗಿಯ ಬ್ಯಾರೇಜನ್ನು 1989ರಲ್ಲಿ ಕಟ್ಟಿಕೊಂಡ ಜಮಖಂಡಿ ಸೀಮೆಯ ರೈತರಿಗೆ ಸೇತುವೆಗಳ ಎತ್ತರ ಬರೆದಿಡುವುದು ಮೀರಿದ ಕೆಲಸವೇನಲ್ಲ. ಕಡತ ತೆರೆಯಬೇಕು, ಅಷ್ಟೆ.

ಎತ್ತರದ ಅಂಕಿ ಇಲ್ಲಿ ಇನ್ನೊಂದು ಬಗೆಯಲ್ಲೂ ಮನೆಮಾತು. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಒಪ್ಪಿತು. ದಶಾಂಶದ ಮೂರು ಅಂಕಿಗಳನ್ನು ಬೀಳಗಿ, ಜಮಖಂಡಿ ತಾಲ್ಲೂಕುಗಳ ಹಿನ್ನೀರಿನ ಹಳ್ಳಿಗಳಲ್ಲಿ ಅಕ್ಷರ ಬಾರದ ಮುದುಕಿಯರೂ ತಪ್ಪಿಲ್ಲದೆ ಹೇಳುತ್ತಾರೆ. ತಮ್ಮ ಹೊಸ್ತಿಲು ಆ ಗೆರೆಯ ಮೇಲಿದೆಯೋ ಕೆಳಗಿದೆಯೋ, ಊರಿನ ರಸ್ತೆ ಉಳಿದೀತೋ, ಹೊಸ ರಸ್ತೆ ಎಲ್ಲಿ ಹಾದೀತು ಎಂಬುದು ಆ ಅಂಕಿಯ ಮೇಲೆ ನಿಂತಿದೆ. ಆ ಗೆರೆ ಯಾವ ಹೊಲದ ನಡುವೆ ಹಾಯುತ್ತದೆ ಎಂದು ತೋರಿಸುವ ನಕ್ಷೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಅದನ್ನು ಮುಚ್ಚಿಟ್ಟು ಕಾಯುವ ಭದ್ರತೆ ಯಾವುದೂ ಇಲ್ಲ.

ಹಳಿ ಮತ್ತು ಬಸ್ಸು

ಬಾಗಲಕೋಟೆ–ಕುಡಚಿ ರೈಲು ಮಾರ್ಗ ಸುಮಾರು 142 ಕಿ.ಮೀ. ಉದ್ದದ್ದು. 2010ರ ಆಸುಪಾಸಿನಲ್ಲಿ ಮಂಜೂರಾಯಿತು. ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿಗಳಿಗೆ ಹಳಿ ತರಬೇಕಾದ ಮಾರ್ಗ ಅದೇ. ಬಾಗಲಕೋಟೆಯಿಂದ ಖಜ್ಜಿಡೋಣಿಯ ತನಕ ಮೊದಲು ರೈಲು ಓಡಿತು, ಮುಂದಿನ ಕೆಲಸ ನಿಧಾನ. ಭೂಸ್ವಾಧೀನದ ಪ್ರಕಟಣೆ ಬರುವುದು ಸರ್ವೆ ನಂಬರುಗಳ ಉದ್ದನೆಯ ಪಟ್ಟಿಯಾಗಿ. ಈಗ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಕಾಲಡಿಯ ಸರ್ವೆ ನಂಬರು ಕಾಣುತ್ತದೆ. ಎಷ್ಟೋ ರೈತರು ಪಟ್ಟಿಯನ್ನು ಒಂದು ಕೈಯಲ್ಲಿ, ಮೊಬೈಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಹಳಿಯ ದಾರಿಯನ್ನು ತಾವೇ ನಡೆದು ಗುರುತಿಸಬಲ್ಲರು. ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸಿದರೆ ದಲ್ಲಾಳಿಯ ಕಿವಿಮಾತಿಗೆ ಬೆಲೆ ಇರುವುದಿಲ್ಲ. ಹಳಿ ಎಲ್ಲಿ ಬರುತ್ತದೆ ಎಂದು ಮೊದಲು ಗೊತ್ತಾದವನು ಹೊಲ ಅಗ್ಗಕ್ಕೆ ಕೊಳ್ಳುತ್ತಾನೆ. ಮಾಹಿತಿ ಮುಚ್ಚಿಟ್ಟಾಗ ಲಾಭ ಆಗುವುದು ಅಂಥವರಿಗೆ.

ಹಳ್ಳಿ ರಸ್ತೆಗಳ ವಿಷಯದಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಇಲಾಖೆ ಒಳ್ಳೆಯ ಮೇಲ್ಪಂಕ್ತಿ ಹಾಕಿತು. ಗ್ರಾಮ ಸಡಕ್ ಯೋಜನೆಗಾಗಿ ಸಂಗ್ರಹಿಸಿದ್ದ ಮಾಹಿತಿಯನ್ನು 2022ರ ಫೆಬ್ರುವರಿಯಲ್ಲಿ ಪೂರ್ತಿ ಬಹಿರಂಗ ಮಾಡಿತು: 25 ಲಕ್ಷ ಕಿ.ಮೀ.ಗೂ ಹೆಚ್ಚು ರಸ್ತೆ, 10 ಲಕ್ಷಕ್ಕೂ ಹೆಚ್ಚು ಜನವಸತಿ, ಶಾಲೆ, ಆಸ್ಪತ್ರೆ, ಸಂತೆಗಳಂಥ 8 ಲಕ್ಷ ಸೌಲಭ್ಯ. ದೇಶಕ್ಕೆ ಅದರಿಂದ ಯಾವ ಕೇಡೂ ಆಗಲಿಲ್ಲ.

ಬಸ್ಸಿನ ಮಾಹಿತಿ ಇನ್ನೂ ಸುಲಭದ್ದು. ಜಗತ್ತಿನ ಸಾರಿಗೆ ಸಂಸ್ಥೆಗಳು ಬಳಸುವ ಜಿಟಿಎಫ್‌ಎಸ್ ಎಂಬ ಮಾದರಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ 2005ರ ಸುಮಾರಿಗೆ ರೂಪಿಸಿದ್ದು. ಅದು ಕೆಲವು ಸಾದಾ ಪಠ್ಯ ಕಡತಗಳ ಗಂಟು. ಒಂದರಲ್ಲಿ ನಿಲುಗಡೆಯ ಹೆಸರು, ಅಕ್ಷಾಂಶ, ರೇಖಾಂಶ. ಇನ್ನೊಂದರಲ್ಲಿ ಮಾರ್ಗ. ಮತ್ತೊಂದರಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ. ಭಾರತದಲ್ಲಿ ಕೊಚ್ಚಿ ಮೆಟ್ರೊ 2018ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ದೆಹಲಿಯೂ ಹಿಂದೆಯೇ ಬಂತು. ನಗರ ಬಸ್ಸುಗಳಿಗೆ ಬುದ್ಧಿವಂತ ಸಾರಿಗೆ ವ್ಯವಸ್ಥೆ ಅಳವಡಿಸುವುದರಲ್ಲಿ 2012ರಲ್ಲಿ ಮೈಸೂರು ದೇಶಕ್ಕೇ ಮುಂದಿತ್ತು.

ಜಮಖಂಡಿ, ಮುಧೋಳ, ಬೀಳಗಿ ಡಿಪೊಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿದವು. ಇಲ್ಲಿಯ ಬಸ್ಸಿನ ವೇಳೆ ಯಾವ ಕಾಲದಲ್ಲೂ ಗುಟ್ಟಾಗಿರಲಿಲ್ಲ. ಸ್ಟ್ಯಾಂಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ, ಕಂಟ್ರೋಲರು ಮೈಕಿನಲ್ಲಿ ಕೂಗುತ್ತಾರೆ. ಆದರೆ ಗೋಡೆಯ ಮೇಲಿರುವುದು ಸ್ಟ್ಯಾಂಡಿಗೆ ಬಂದವರಿಗೆ ಮಾತ್ರ. ಕ್ರಾಸಿನ ಬೇವಿನ ಮರದ ಕೆಳಗೆ ಕಾಯುತ್ತಿರುವವರಿಗೆ, ರಾತ್ರಿ ಹಳ್ಳಿಯಲ್ಲಿ ತಂಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸನ್ನೇ ನಂಬಿದ ಕಾಲೇಜು ಹುಡುಗಿಯರಿಗೆ ಅದು ತಲುಪುವುದಿಲ್ಲ. ವಸ್ತಿ ಬಸ್ಸು ಯಾವ ಹಳ್ಳಿಗಳಲ್ಲಿ ತಂಗುತ್ತದೆ ಎಂಬ ಒಂದು ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟರೆ ಯಾವ ಊರಿನ ಹುಡುಗಿಯರು ಎಂಟನೆಯ ಇಯತ್ತೆಗೆ ಓದು ಬಿಡುತ್ತಾರೆ ಎಂದು ಹುಡುಕಲು ಬೇರೆ ಸಮೀಕ್ಷೆ ಬೇಕಾಗದೆ ಇರಬಹುದು.

ಈ ಮಾಹಿತಿಯನ್ನು ಊರಿನವರೇ ಬರೆದಿಡಲೂ ದಾರಿ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ತಮ್ಮ ಊರಿನ ದಾರಿ, ನಿಲುಗಡೆ ಬರೆಯಬಹುದು, ಕನ್ನಡದ ಹೆಸರನ್ನೂ ಕೊಡಬಹುದು. ಹೆಸರಿನ ಕೆಲಸ ಈ ಸೀಮೆಯಲ್ಲಿ ಬಹಳ ಬಾಕಿ ಇದೆ. ತೆಲಂಗಾಣದಲ್ಲಿ ಇನ್ನೊಂದು ಮುಧೋಳ ಇದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಜೈನ ಬಸದಿಗಳ ಇನ್ನೊಂದು ಬೀಳಗಿ ಇದೆ. ಇಂಗ್ಲಿಷಿನಲ್ಲಿ ನಮ್ಮದನ್ನು ಬಿಲ್ಗಿ ಎಂದೂ ಬಿಳಗಿ ಎಂದೂ ಬರೆಯುತ್ತಾರೆ. ದೀರ್ಘ ಎಲ್ಲಿ ಬರಬೇಕು ಎಂಬುದು ಬೀಳಗಿ ಕ್ರಾಸಿನಲ್ಲಿ ಚಹದ ಅಂಗಡಿ ನಡೆಸುವವರಿಗೆ ಗೊತ್ತು. ಅವರ ಅಂಗಡಿಯ ಮುಂದೆಯೇ ಹಾಯುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಯಾವ ಬಸ್ಸು ಒಳಗೆ ಊರಿಗೆ ತಿರುಗುತ್ತದೆ, ಯಾವುದು ಕ್ರಾಸಿನಲ್ಲೇ ಇಳಿಸಿ ಹೋಗುತ್ತದೆ ಎಂಬುದೂ ಅವರಿಗೆ ಬಾಯಿಪಾಠ.